ಬಾಡಿಗೆ ಮನೆಗೆ ಮರದ ನೆಲ ಬೇಕಾ ಬೇಡ್ವಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಮರದ ನೆಲದ ಬಗ್ಗೇನೇ. ಅದೂ ತಾವು ವಾಸ ಮಾಡೋ ಮನೆಗಲ್ಲ, ಬಾಡಿಗೆಗೆ ಬಿಡೋಕೆ ಇಲ್ಲಾ ರಿಪೇರಿ ಮಾಡ್ಸಿ ಮಾರೋಕೆ ಅಂತ ಇಟ್ಕೊಂಡಿರೋ ಮನೆಗೆ. ಅಮೆರಿಕದಲ್ಲಿರೋ ನಮ್ಮೋರು ಜಾಸ್ತಿ ಬರೆದಿದಾರೆ, ಅಲ್ಲಿ ಓಕ್ ನೆಲ ಅನ್ನೋದು ನಮ್ಮಲ್ಲಿ ಮೊಸಾಯಿಕ್ ಇದ್ದಷ್ಟೇ ಮಾಮೂಲು. ಬೆಂಗಳೂರು, ಮೈಸೂರಿಂದಾನೂ ಬಂದಿದೆ. ತೀರ್ಥಹಳ್ಳಿ ಕಡೆಯಿಂದ ಬಂದ ಒಂದಕ್ಕೆ ನಾನು ಸ್ವಲ್ಪ ಜಾಸ್ತೀನೇ ಜಾಗ ತಗೊಂಡಿದೀನಿ, ಸಂಪಾದಕರು ಬೈದ್ರೆ ಬೈಲಿ.

ಪ್ರಶ್ನೆ: ನ್ಯೂಜೆರ್ಸಿಯ ಎಡಿಸನ್ ಹತ್ರ ಐವತ್ತರ ದಶಕದಲ್ಲಿ ಕಟ್ಟಿದ ಸಣ್ಣ ಮನೆ ತಗೊಂಡಿದೀವಿ, ಬಾಡಿಗೆಗೆ ಬಿಡೋ ಪ್ಲಾನು. ಮನೆ ಪೂರ್ತಿ ಹಳೇ ಕಾರ್ಪೆಟ್, ನಾಯಿ ಸಾಕಿದ್ರು ಅಂತ ಕಾಣತ್ತೆ, ವಾಸನೆ ಇದೆ. ಬ್ರೋಕರು ಎಲ್ಲಾ ಕಿತ್ತಾಕಿ ವಿನೈಲ್ ಪ್ಲ್ಯಾಂಕ್ (ಮರದ ಥರ ಕಾಣೋ ಪ್ಲಾಸ್ಟಿಕ್ ಹಲಗೆ) ಹಾಕ್ಸಿ, ಬಾಡಿಗೆದಾರರಿಗೆ ಅಷ್ಟು ಸಾಕು ಅಂತಾರೆ. ಕ್ಲಾಸೆಟ್ ಮೂಲೇಲಿ ಕಾರ್ಪೆಟ್ ಎತ್ತಿ ನೋಡಿದ್ರೆ ಕೆಳಗೆ ಮರ ಇದೆ. ಏನ್ ಮಾಡ್ಲಿ?

ಉತ್ತರ: ಮೊದಲು ವಿನೈಲ್ ಆರ್ಡರ್ ಮಾಡಬೇಡಿ. ಆ ಕಾಲದ ಮನೆಗಳಲ್ಲಿ ಕಾರ್ಪೆಟ್ ಕೆಳಗೆ ಸಾಮಾನ್ಯವಾಗಿ ಸಿಗೋದು ರೆಡ್ ಓಕ್, ಎರಡೂಕಾಲು ಇಂಚು ಅಗಲದ ಪಟ್ಟಿ, ಮುಕ್ಕಾಲು ಇಂಚು ದಪ್ಪ. ಅಂಥಾ ನೆಲಾನ ಇವತ್ತು ಹೊಸದಾಗಿ ಹಾಕ್ಸೋಕೆ ಹೋದ್ರೆ ಎಷ್ಟಾಗತ್ತೆ ಅಂತ ಒಂದ್ಸಲ ಕೊಟೇಶನ್ ತಗೊಂಡು ನೋಡಿ, ಆಮೇಲೆ ಅದರ ಮೇಲೆ ಪ್ಲಾಸ್ಟಿಕ್ ಮುಚ್ಚೋಕೆ ಮನಸ್ಸೇ ಬರಲ್ಲ.

ಮರ ಎಷ್ಟು ಉಳಿದಿದೆ ಅಂತ ತಿಳ್ಕೊಳ್ಳೋಕೆ ಒಂದು ಸುಲಭದ ದಾರಿ ಇದೆ. ಹೀಟಿಂಗ್ ಗಾಳಿ ಬರೋ ಜಾಲರಿ ನೆಲದಲ್ಲೇ ಇದ್ರೆ ಅದನ್ನ ಎತ್ತಿ, ಅಲ್ಲಿ ಹಲಗೆಯ ಕಡಿದ ಅಂಚು ಕಾಣತ್ತೆ. ಮೇಲ್ಮೈಯಿಂದ ಕೆಳಗೆ ಜೋಡಣೆಯ ನಾಲಿಗೆ (ಪಕ್ಕದ ಹಲಗೆಯೊಳಗೆ ಹೊಕ್ಕೋ ಅಂಚು) ತನಕ ಎಷ್ಟು ಮರ ಇದೆ ಅಂತ ಅಳೀರಿ, ಸ್ಯಾಂಡಿಂಗ್ ಮಾಡೋಕೆ, ಅಂದ್ರೆ ಮಿಶಿನ್ನಲ್ಲಿ ಮೇಲ್ಮೈ ತಿಕ್ಕಿ ತೆಗೆಯೋಕೆ, ಸಿಗೋದು ಅಷ್ಟೇ, ನಾಲಿಗೆ ಕೆಳಗಿಂದು ಲೆಕ್ಕಕ್ಕಿಲ್ಲ. ಕಾಲು ಇಂಚು ಹತ್ರ ಇದ್ರೆ ನಿಮ್ಮ ಜೀವಮಾನಕ್ಕೆ ಸಾಕು. ಮೊಳೆ ತಲೆಗಳು ಹಲಗೆ ಸಂದಿಯಲ್ಲಿ ಮಿಣಮಿಣ ಅಂತಿದ್ರೆ ಮಾತ್ರ ಹಿಂದಿನೋರು ತಿಕ್ಕಿ ತಿಕ್ಕಿ ಮುಗಿಸಿದಾರೆ ಅಂತ ಅರ್ಥ, ಆಗ ಮತ್ತೆ ಸ್ಯಾಂಡಿಂಗ್ ಆಗಲ್ಲ.

ಕಾರ್ಪೆಟ್ ಕೀಳೋ ಕೆಲಸ ನೀವೇ ಮಾಡ್ಕೊಬಹುದು, ಬೇಸರದ ಕೆಲಸ ಅಷ್ಟೇ. ಗೋಡೆ ಪಕ್ಕ ಮೊಳೆಪಟ್ಟಿ ಇರತ್ತೆ, ನಡುವೆ ನೂರಾರು ಸ್ಟೇಪಲ್, ಒಂದನ್ನೂ ಬಿಡದೆ ತೆಗೀಬೇಕು, ಯಾಕಂದ್ರೆ ಬಿಟ್ಟಿದ್ದು ಸ್ಯಾಂಡಿಂಗ್ ಮಿಶಿನ್ನಿನ ಬೆಲ್ಟ್ ಹರಿಯತ್ತೆ, ಆ ಬೆಲ್ಟಿನ ದುಡ್ಡು ಕೊನೆಗೆ ನಿಮ್ಮ ಬಿಲ್ಲಲ್ಲೇ ಬರೋದು. ಅಡುಗೆ ಮನೆ ಇಲ್ಲಾ ಬೇಸ್ಮೆಂಟಲ್ಲಿ ಒಂಬತ್ತು ಇಂಚು ಚೌಕದ ಹಳೇ ಟೈಲು, ಅದರಡಿ ಕಪ್ಪು ಅಂಟು ಸಿಕ್ಕಿದ್ರೆ ಮಾತ್ರ ಅಲ್ಲೇ ನಿಲ್ಲಿಸಿ. ಅದ್ರಲ್ಲಿ ಆಸ್ಬೆಸ್ಟಾಸ್ ಇರೋ ಸಾಧ್ಯತೆ ಬಹಳ. ಟೆಸ್ಟ್ ಮಾಡ್ಸದೆ ಒಡೀಬೇಡಿ, ಕೆರೀಬೇಡಿ, ಸ್ಯಾಂಡಿಂಗ್ ಅಂತೂ ಬೇಡವೇ ಬೇಡ. ಹಾಗೇನೇ 1978ಕ್ಕಿಂತ ಹಿಂದಿನ ಮನೆ ಅಂದ್ರೆ ಸೀಸದ ಬಣ್ಣದ ಪ್ರಶ್ನೆ ಇರತ್ತೆ, ಅಲ್ಲಿನ ಪರಿಸರ ಇಲಾಖೆಯ ನಿಯಮ ಪ್ರಕಾರ ಸರ್ಟಿಫಿಕೇಟ್ ಇರೋ ಕಂಟ್ರಾಕ್ಟರೇ ಆ ಕೆಲಸ ಮುಟ್ಟಬೇಕು, ಅದನ್ನ ಕೇಳಿಯೇ ಕೆಲಸ ಕೊಡಿ.

ನಾಯಿ ವಿಷ್ಯ. ಓಕ್ ಮರದಲ್ಲಿ ಟ್ಯಾನಿನ್ ಇರತ್ತೆ, ಮೂತ್ರದ ಅಮೋನಿಯಾ ಸೇರಿದ್ರೆ ಅದು ಕಪ್ಪಾಗತ್ತೆ, ಆ ಕಪ್ಪು ಮರದ ಒಳಗೆ ಇಳಿದಿರತ್ತೆ. ನೀರಿನ ಕಲೆ, ಕಬ್ಬಿಣದ ಕಲೆ ಆದ್ರೆ ಆಕ್ಸಾಲಿಕ್ ಆಸಿಡ್ ಹಚ್ಚಿದ್ರೆ ಬಿಡತ್ತೆ, ಹಳೇ ಮೂತ್ರದ ಕಲೆ ಸಾಮಾನ್ಯವಾಗಿ ಪೂರ್ತಿ ಬಿಡಲ್ಲ. ಅಂಥಾ ನಾಕಾರು ಹಲಗೆ ಕಿತ್ತು ಕ್ಲಾಸೆಟ್ ಒಳಗಿನ ಹಲಗೆ ತೆಗೆದು ಅಲ್ಲಿಗೆ ಹಾಕ್ಸಿ, ಅದೇ ಕಾಲದ ಅದೇ ಮರ ಆದ್ರಿಂದ ಬಣ್ಣ ಹೊಂದತ್ತೆ. ಹೊಸ ಹಲಗೆ ಕ್ಲಾಸೆಟ್ ಒಳಗೆ ಹೋಗ್ಲಿ, ಅಲ್ಲಿ ಯಾರು ನೋಡ್ತಾರೆ. ಅಷ್ಟಾಗಿಯೂ ವಾಸನೆ ಉಳಿದ್ರೆ ಮೊದಲು ಮೇಣ ಇಲ್ಲದ ಶೆಲ್ಯಾಕ್ (ಅರಗಿನ ಪಾಲಿಶ್) ಒಂದು ಕೋಟು, ಅದರ ಮೇಲೆ ಪಾಲಿಯುರಿಥೇನ್ ಅನ್ನೋ ಗಟ್ಟಿ ಪಾಲಿಶ್.

ಇನ್ನು ದುಡ್ಡು. ಅಮೆರಿಕದ ರಿಯಲ್ಟರುಗಳ (ಮನೆ ಮಾರಾಟದ ಬ್ರೋಕರುಗಳ) ಸಂಘ 2022ರಲ್ಲಿ ಹೊರಡಿಸಿದ ರೀಮಾಡೆಲಿಂಗ್ ವರದೀಲಿ, ಇದ್ದ ಮರದ ನೆಲಾನ ತಿಕ್ಕಿಸಿ ರೀಫಿನಿಶ್ ಮಾಡ್ಸಿದ್ರೆ ಹಾಕಿದ ದುಡ್ಡಿನ 147 ಪರ್ಸೆಂಟ್, ಹೊಸ ಮರದ ನೆಲ ಹಾಕ್ಸಿದ್ರೆ 118 ಪರ್ಸೆಂಟ್ ಮಾರಾಟದಲ್ಲಿ ವಾಪಸ್ ಬರತ್ತೆ ಅಂತ ಅಂದಾಜು ಮಾಡಿದ್ರು. ಅದು ರಿಯಲ್ಟರುಗಳ ಅಂದಾಜು, ಮಾರೋರ ಲೆಕ್ಕ, ಕಣ್ಣು ಮುಚ್ಚಿ ನಂಬಬೇಡಿ. ಆದ್ರೂ ಹೊಸದು ಹಾಕ್ಸೋದಕ್ಕಿಂತ ಇರೋದನ್ನ ಉಳಿಸ್ಕೊಳ್ಳೋದೇ ಲಾಭ ಅನ್ನೋದು ನಾನೂ ಒಪ್ತೀನಿ. ಬಾಡಿಗೆಗೂ ಅಷ್ಟೇ. ಕಾರ್ಪೆಟ್ ಆದ್ರೆ ಐದಾರು ವರ್ಷಕ್ಕೊಮ್ಮೆ ಎಸೀಬೇಕು, ಓಕ್ ಆದ್ರೆ ಎರಡು ಮೂರು ಬಾಡಿಗೆದಾರರು ಬದಲಾದಾಗ ಒಮ್ಮೆ ಮೇಲಿನ ಕೋಟನ್ನ ಸ್ವಲ್ಪ ತಿಕ್ಕಿ ಇನ್ನೊಂದು ಕೋಟು ಹೊಡೆದ್ರೆ ಆಯ್ತು, ಅದನ್ನ ಅಲ್ಲಿ ಸ್ಕ್ರೀನ್ ಅಂಡ್ ರೀಕೋಟ್ ಅಂತಾರೆ, ಪೂರ್ತಿ ಸ್ಯಾಂಡಿಂಗಿನ ಅರ್ಧ ಖರ್ಚೂ ಆಗಲ್ಲ. ಒಂದೇ ಷರತ್ತು, ಪಾಲಿಶ್ ಸವೆದು ಬರೀ ಮರ ಕಾಣೋಕೆ ಮುಂಚೆ ಮಾಡ್ಬೇಕು.

ಫಿನಿಶ್, ಅಂದ್ರೆ ಮೇಲಿನ ಪಾಲಿಶ್ ಕೋಟು, ಯಾವುದು ಅಂತ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಆಯಿಲ್ ಬೇಸ್ ಅಗ್ಗ, ಗಟ್ಟಿ, ಆದ್ರೆ ಹಳದಿ ಆಗತ್ತೆ, ವಾಸನೆ ವಿಪರೀತ, ಒಣಗೋಕೆ ಟೈಮ್ ತಗೊಳತ್ತೆ. ವಾಟರ್ ಬೇಸ್ ದುಬಾರಿ, ಆದ್ರೆ ಒಂದೇ ದಿನದಲ್ಲಿ ಎರಡು ಕೋಟು ಮುಗಿಯತ್ತೆ. ಖಾಲಿ ಮನೆ ಅಂದ್ರೆ ದಿನಕ್ಕಿಷ್ಟು ಅಂತ ಬಾಡಿಗೆ ಲಾಸು, ಆ ಲಾಸನ್ನೂ ಲೆಕ್ಕಕ್ಕೆ ಹಿಡಿದ್ರೆ ವಾಟರ್ ಬೇಸೇ ಗೆಲ್ಲತ್ತೆ. ಹೊಳಪು ಬೇಡ, ಸ್ಯಾಟಿನ್ ಹಾಕ್ಸಿ, ಗೀರು ಕಾಣಲ್ಲ. ಇನ್ನೊಂದು, ಆಯಿಲ್ ಸ್ಟೇನ್ ಒರೆಸಿದ ಬಟ್ಟೆಗಳನ್ನ ಮುದ್ದೆ ಮಾಡಿ ಮೂಲೇಲಿ ಎಸೀಬೇಡಿ, ತಾನಾಗೇ ಬಿಸಿಯಾಗಿ ಹೊತ್ಕೊಳತ್ತೆ. ಇದು ಕಟ್ಟುಕಥೆ ಅಲ್ಲ, ಮನೆಗಳು ಸುಟ್ಟಿವೆ. ಬಿಡಿಸಿ ಹೊರಗೆ ಒಣಗಿಸಿ ಇಲ್ಲಾ ನೀರು ತುಂಬಿದ ಡಬ್ಬೀಲಿ ಮುಳುಗಿಸಿ ಮುಚ್ಚಿಡಿ.

ಟ್ಯಾಕ್ಸ್ ಲೆಕ್ಕಾನೂ ಸ್ವಲ್ಪ ನೋಡ್ಕೊಳ್ಳಿ. ಬಾಡಿಗೆ ಮನೇಲಿ ಕಾರ್ಪೆಟ್ 5 ವರ್ಷದ ಡಿಪ್ರಿಸಿಯೇಷನ್ (ಖರ್ಚನ್ನ ಅಷ್ಟು ವರ್ಷಕ್ಕೆ ಹಂಚಿ ಆದಾಯದಲ್ಲಿ ಕಳೆಯೋದು), ಮೊಳೆ ಹೊಡೆದು ಕೂರಿಸಿದ ಮರದ ನೆಲ ಕಟ್ಟಡದ ಭಾಗ ಅಂತ 27.5 ವರ್ಷ. ಇದನ್ನ ಕೇಳಿದ ತಕ್ಷಣ ಕೆಲವರು ಹಾಗಾದ್ರೆ ಕಾರ್ಪೆಟ್ಟೇ ಲಾಭ ಅಂತ ಹೊರಡ್ತಾರೆ, ಅದು ತಪ್ಪು ಲೆಕ್ಕ, ಪದೇ ಪದೇ ಎಸೆಯೋ ವಸ್ತುಗೆ ಬೇಗ ಡಿಡಕ್ಷನ್ ಸಿಕ್ಕಿದ್ರೆ ಏನು ಬಂತು. ಬಾಡಿಗೆಗೆ ಬಿಟ್ಟ ಮೇಲೆ ಮಾಡೋ ಪಾಲಿಶ್ ರಿಪೇರಿ ಖರ್ಚಲ್ಲಿ ಹೋಗಬಹುದು, ಬಿಡೋಕೆ ಮುಂಚೆ ಮಾಡ್ಸಿದ್ದು ಮನೆ ಬೆಲೆಗೇ ಸೇರತ್ತೆ, ನಿಮ್ಮ ಸಿಪಿಎ (ಅಲ್ಲಿನ ಆಡಿಟರ್) ಹತ್ರ ಮಾತಾಡಿ.

ಅಡುಗೆ ಮನೆ, ಬಾತ್‌ರೂಮ್, ಬೇಸ್ಮೆಂಟಿಗೆ ಬ್ರೋಕರು ಹೇಳಿದ ವಿನೈಲ್ ಹಾಕ್ಸಿ, ಅಲ್ಲಿ ಅವರ ಮಾತು ಸರಿ. ಮೇಲಿನ ಪದರ 20 ಮಿಲ್ ಇರೋದನ್ನ ಕೇಳಿ, 6 ಮಿಲ್ ಅಂದ್ರೆ ಬೇಡ. ಇದು ಮಿಲಿಮೀಟರ್ ಅಲ್ಲ ಮತ್ತೆ, ಇಂಚಿನ ಸಾವಿರದಲ್ಲೊಂದು ಭಾಗ.

ಪ್ರಶ್ನೆ: ಡಲ್ಲಾಸ್ ಹತ್ರ ಪ್ಲೇನೋದಲ್ಲಿ ಇರೋ ಮನೆ ಮುಂದಿನ ವರ್ಷ ಮಾರ್ತಿದೀವಿ. ಕಾರ್ಪೆಟ್ ತೆಗೆದು ಗಟ್ಟಿ ಹಿಕರಿ ಮರ ಹಾಕ್ಸೋಣ, ಅದೇ ಎಲ್ಲಕ್ಕಿಂತ ಗಟ್ಟಿ ಅಂತ ಯಜಮಾನರು ಹಟ ಹಿಡಿದಿದಾರೆ.

ಉತ್ತರ: ಗಟ್ಟಿ ಹೌದು. ಮರದ ಗಡಸುತನ ಅಳೆಯೋ ಯಾಂಕಾ ಸ್ಕೇಲಲ್ಲಿ ರೆಡ್ ಓಕ್ 1290, ವೈಟ್ ಓಕ್ 1360, ಹಿಕರಿ 1820. ನಮ್ಮ ತೇಗ ಈ ಲೆಕ್ಕದಲ್ಲಿ ಓಕಿಗಿಂತ ಕಮ್ಮಿ, ಅದನ್ನ ಹೇಳಿದ್ರೆ ಊರಲ್ಲಿ ಯಾರೂ ನಂಬಲ್ಲ. ಆದ್ರೆ ಅಮ್ಮಾ, ನಿಮ್ಮ ಮನೇಲಿ ಪ್ರಶ್ನೆ ಗಡಸುತನದ್ದಲ್ಲ. ಆ ಕಡೆ ಮನೆಗಳು ಬಹುಪಾಲು ನೆಲದ ಮೇಲೇ ಕಾಂಕ್ರೀಟ್ ಸ್ಲ್ಯಾಬ್ ಹಾಕಿ ಕಟ್ಟಿರೋವು, ಕೆಳಗೆ ಬೇಸ್ಮೆಂಟ್ ಇಲ್ಲ, ಪ್ಲೈವುಡ್ ಇಲ್ಲ, ಮೊಳೆ ಹೊಡಿಯೋಕೆ ಏನೂ ಇಲ್ಲ. ಕಾಂಕ್ರೀಟಿಂದ ತೇವ ಮೇಲಕ್ಕೆ ಬರ್ತಾನೇ ಇರತ್ತೆ. ಅದರ ಮೇಲೆ ಸಾಲಿಡ್ ಮರ ಹಾಕ್ಬೇಕು ಅಂದ್ರೆ ತೇವ ತಡೆಯೋ ಪದರ, ಅದರ ಮೇಲೆ ಪ್ಲೈವುಡ್, ಅದರ ಮೇಲೆ ಹಲಗೆ, ಒಟ್ಟು ಒಂದೂವರೆ ಇಂಚು ನೆಲ ಏರತ್ತೆ, ಆಮೇಲೆ ಬಾಗಿಲು ಎಲ್ಲಾ ಕುಯ್ಯಬೇಕು, ಡಿಶ್‌ವಾಷರ್ ಹೊರಗೆ ಎಳೆಯೋಕಾಗಲ್ಲ. ಸಾಲದ್ದಕ್ಕೆ ಡಲ್ಲಾಸಿನ ಜೇಡಿಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗತ್ತೆ, ಸ್ಲ್ಯಾಬೇ ಅಲ್ಲಾಡೋ ಊರು ಅದು.

ಮಾರೋ ಮನೆಗೆ ಎಂಜಿನಿಯರ್ಡ್ ವುಡ್ ಸಾಕು. ಮೇಲೆ ನಿಜವಾದ ಓಕ್ ಪದರ, ಕೆಳಗೆ ಪ್ಲೈ, ಅಂಟು ಹಾಕಿ ಕೂರಿಸೋದು. ಮೇಲಿನ ಪದರ 2 ಮಿಮೀ ಇದ್ರೆ ನಿಮಗೆ ಸಾಕು, 4 ಮಿಮೀ ತಗೊಳ್ಳೋದು ಅಲ್ಲೇ ಇಪ್ಪತ್ತು ವರ್ಷ ಇರೋರು. ಲಿವಿಂಗ್, ಡೈನಿಂಗ್, ಓಡಾಡೋ ಜಾಗಕ್ಕೆಲ್ಲ ಒಂದೇ ಬಣ್ಣ ಒಂದೇ ದಿಕ್ಕಲ್ಲಿ ಹಾಕ್ಸಿ, ಬೆಡ್‌ರೂಮಿಗೆ ಹೊಸ ಕಾರ್ಪೆಟ್ ಇರ್ಲಿ, ಕೊಳ್ಳೋಕೆ ಬರೋರು ಬೆಡ್‌ರೂಮಲ್ಲಿ ಅರ್ಧ ನಿಮಿಷ ನಿಲ್ಲಲ್ಲ. ಬಣ್ಣ ಬೂದಿ ಬೇಡ, ಅದರ ಕಾಲ ಮುಗೀತು, ಎರಡನೇ ಸಲ ಮಾರೋಕೆ ಬಂದಿರೋ ಮನೆಗಳೆಲ್ಲಾ ಬೂದಿ ಬಣ್ಣದಲ್ಲೇ ಇವೆ ಅಂತ ಏಜೆಂಟರೇ ಗೊಣಗ್ತಾರೆ. ನೈಸರ್ಗಿಕ ಓಕ್ ಬಣ್ಣ, ಅಷ್ಟೇ. ಯಜಮಾನರಿಗೆ ಹಿಕರಿ ಅಷ್ಟು ಇಷ್ಟ ಇದ್ರೆ ಮುಂದೆ ತಗೊಳ್ಳೋ ಮನೇಲಿ ಹಾಕ್ಸಿಕೊಳ್ಳಲಿ, ಮಾರೋ ಮನೇಲಿ ನಮ್ಮ ರುಚಿಗೆ ಏನು ಕೆಲಸ?

ಪ್ರಶ್ನೆ: ಮಿಷಿಗನ್ನಿಂದ. ಬಾಡಿಗೆದಾರರು ಜನವರೀಲಿ ಫೋನ್ ಮಾಡಿ ನೆಲದ ಹಲಗೆ ನಡುವೆ ಸಂದಿ ಬಿಟ್ಟಿದೆ, ಒಂದು ರೂಪಾಯಿ ನಾಣ್ಯ ಹೋಗತ್ತೆ ಅಂತಾರೆ. ಹಾಕ್ಸಿ ಎರಡೇ ವರ್ಷ ಆಯ್ತು. ಮೋಸ ಹೋದ್ವಾ?

ಉತ್ತರ: ಇಲ್ಲ. ಚಳಿಗಾಲದಲ್ಲಿ ಹೀಟರ್ ಹಾಕಿದಾಗ ಮನೆ ಒಳಗಿನ ಗಾಳಿ ಮರುಭೂಮಿ ಥರ ಒಣಗತ್ತೆ, ಮರ ಅಗಲದಲ್ಲಿ ಕುಗ್ಗತ್ತೆ, ಜೂನ್ ಜುಲೈಗೆ ಮತ್ತೆ ಕೂಡ್ಕೊಳತ್ತೆ. ಈಗ ಆ ಸಂದಿಗೆ ಪುಟ್ಟಿ ತುಂಬಿಸಿದ್ರೆ ಬೇಸಿಗೇಲಿ ಹಲಗೆಗೆ ಉಬ್ಬೋಕೆ ಜಾಗ ಇಲ್ಲದೆ ಪುಟ್ಟಿ ಮೇಲಕ್ಕೆ ಉಕ್ಕತ್ತೆ ಇಲ್ಲಾ ಹಲಗೇನೇ ಏಳತ್ತೆ. ಮನೆ ಒಳಗಿನ ಆರ್ದ್ರತೆ 35ರಿಂದ 50 ಪರ್ಸೆಂಟ್ ಒಳಗೆ ಇಡೋಕೆ ಫರ್ನೇಸಿಗೆ ಹ್ಯೂಮಿಡಿಫೈಯರ್ ಕೂರಿಸಿ, ಹತ್ತು ಡಾಲರಿನ ಮೀಟರ್ ಒಂದು ಗೋಡೆಗೆ ಹಾಕಿ. ಬೇಸಿಗೆ ಬಂದ್ರೂ ಸಂದಿ ಮುಚ್ಚಲಿಲ್ಲ ಅಂದ್ರೆ ಆಗ ಹಾಕಿದೋನನ್ನ ಕರೀರಿ, ಮರಾನ ಮನೆಯೊಳಗೆ ಒಗ್ಗಿಸದೆ, ತೇವ ಅಳೀದೆ ಹೊಡೆದಿರ್ತಾನೆ.

ಇದರ ಉಲ್ಟಾ ಇನ್ನೊಂದಿದೆ. ನೀರು ಸೋರಿ ಹಲಗೆಗಳ ಅಂಚು ಎದ್ದು ನಡು ತಗ್ಗಾದ್ರೆ, ಅದನ್ನ ಕಪ್ಪಿಂಗ್ ಅಂತಾರೆ, ಅವಸರಕ್ಕೆ ಸ್ಯಾಂಡ್ ಮಾಡ್ಸಬೇಡಿ. ಮೊದಲು ಸೋರಿಕೆ ನಿಲ್ಲಿಸಿ, ಒಣಗೋಕೆ ವಾರಗಟ್ಟಲೆ ಬಿಡಿ. ಒದ್ದೆ ಇರುವಾಗ್ಲೇ ಅಂಚು ತಿಕ್ಕಿ ಸಮ ಮಾಡಿದ್ರೆ ಒಣಗಿದ ಮೇಲೆ ನಡು ಉಬ್ಬಿ ಕೂರತ್ತೆ, ಆಗ ಎರಡನೇ ಸಲ ಸ್ಯಾಂಡಿಂಗ್, ಎರಡನೇ ಸಲ ಖರ್ಚು.

ಪ್ರಶ್ನೆ: ವೈಟ್‌ಫೀಲ್ಡಲ್ಲಿ ಫ್ಲ್ಯಾಟ್ ಇದೆ. ಬಿಲ್ಡರ್ ಮಾಸ್ಟರ್ ಬೆಡ್‌ರೂಮಿಗೆ ವುಡನ್ ಫ್ಲೋರಿಂಗ್ ಕೊಟ್ಟಿದ್ರು, ಬಾಡಿಗೆದಾರರು ಖಾಲಿ ಮಾಡಿದಾಗ ನೋಡಿದ್ರೆ ಬಾತ್‌ರೂಮ್ ಬಾಗಿಲ ಹತ್ರ ಉಬ್ಬಿ ಹೋಗಿದೆ. ಪಾಲಿಶ್ ಮಾಡಿದ್ರೆ ಸರಿ ಹೋಗತ್ತಾ? ಅಡ್ವಾನ್ಸಲ್ಲಿ ಹಿಡ್ಕೊಬಹುದಾ?

ಉತ್ತರ: ಬಿಲ್ಡರ್ ಬ್ರೋಶರಲ್ಲಿ ವುಡನ್ ಅಂತ ಬರೆದಿದ್ದು ಸಾಮಾನ್ಯವಾಗಿ 8 ಮಿಮೀ ಲ್ಯಾಮಿನೇಟ್. ಅದು ಒತ್ತಿದ ಮರದ ಪುಡಿ, ಮೇಲೆ ಮರದ ಫೋಟೋ, ಅದರ ಮೇಲೆ ಗಟ್ಟಿ ಪದರ. ನೀರು ಕುಡಿದು ಉಬ್ಬಿದ ಮೇಲೆ ಅದು ಇಳಿಯೋದೇ ಇಲ್ಲ, ಪಾಲಿಶ್ ಮಾಡೋಕೆ ಅದ್ರಲ್ಲಿ ಮರಾನೇ ಇಲ್ವಲ್ಲ. ಉಬ್ಬಿದ ಹಲಗೆ ಬದಲಾಯಿಸಬೇಕು, ಅದೇ ಡಿಸೈನು ಈಗ ಸಿಗಲ್ಲ, ಹಾಗಾಗಿ ಆ ರೂಮಿಂದು ಪೂರ್ತಿ ಹೋಗತ್ತೆ.

ಅಡ್ವಾನ್ಸ್ ವಿಷ್ಯದಲ್ಲಿ ಒಂದು ಮಾತು, ಬೇಜಾರು ಮಾಡ್ಕೋಬೇಡಿ. ನಮ್ಮ ಮನೆಗಳಲ್ಲಿ ದಿನಾ ಬಕೆಟ್ ನೀರಿಟ್ಟು ಬಟ್ಟೆ ಹಿಂಡಿ ನೆಲ ಒರೆಸ್ತಾರೆ, ಹಬ್ಬಕ್ಕೆ ತೊಳೀತಾರೆ. ಅದು ಗೊತ್ತಿದ್ದೂ ಸ್ನಾನದ ಮನೆ ಬಾಗಿಲಿಗೆ ಲ್ಯಾಮಿನೇಟ್ ಹಾಕಿದ್ದು ಬಿಲ್ಡರು, ಕೊಂಡಿದ್ದು ನೀವು, ಒರೆಸಿದ ತಪ್ಪಿಗೆ ದಂಡ ಬಾಡಿಗೆದಾರರಿಗಾ? ಆಗ್ಲೇ ಬೆಂಗಳೂರಲ್ಲಿ ಖಾಲಿ ಮಾಡುವಾಗ ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಮುರ್ಕೊಳ್ಳೋ ಪದ್ಧತಿ ಇದೆ. ಮೇಜು ಎಳೆದು ಉದ್ದಕ್ಕೆ ಗೀರಿದಾರೆ, ಅಕ್ವೇರಿಯಂ ಒಡೆದಿದೆ ಅಂದ್ರೆ ಕೇಳಿ, ನ್ಯಾಯ. ಬಾಗಿಲ ಹತ್ರ ತೇವ ತಾಗಿ ಉಬ್ಬಿದ್ದು ಸವಕಲು, ನಿಮ್ಮ ಖರ್ಚು.

ಹೊಸದಾಗಿ ಹಾಕ್ಸೋದಾದ್ರೆ ಎರಡು ದಾರಿ. ಒಂದು, ಆ ರೂಮಿಗೂ ಬೇರೆ ರೂಮಿನ ವಿಟ್ರಿಫೈಡ್ ಟೈಲ್ಸನ್ನೇ ಹಾಕ್ಸಿ ಮರೆತುಬಿಡಿ. ಬಾಡಿಗೆ ಮನೆಗೆ ನನ್ನ ಓಟು ಇದಕ್ಕೇ, ಲ್ಯಾಮಿನೇಟ್ ಇದ್ರೆ ಬಾಡಿಗೆ ಜಾಸ್ತಿ ಬರತ್ತೆ ಅನ್ನೋದನ್ನ ನಾನು ಎಲ್ಲೂ ನೋಡಿಲ್ಲ. ಎರಡನೇದು, ಮರದ ನೋಟ ಬೇಕೇ ಬೇಕು ಅಂದ್ರೆ ಎಸ್‌ಪಿಸಿ, ಸುಣ್ಣದ ಕಲ್ಲಿನ ಪುಡಿ ಮತ್ತೆ ಪಿವಿಸಿ ಸೇರಿಸಿ ಮಾಡಿರೋದು, ನೀರಿಗೆ ಉಬ್ಬಲ್ಲ. ಅಂಗಡೀಲಿ ಪೂರ್ತಿ ವಾಟರ್‌ಪ್ರೂಫ್ ಅಂತಾರೆ, ಹಲಗೆ ವಾಟರ್‌ಪ್ರೂಫ್ ನಿಜ, ಆದ್ರೆ ಸಂದೀಲಿ ಇಳಿದ ನೀರು ಕೆಳಗೆ ನಿಂತು ಬೂಷ್ಟು ಹಿಡಿಯತ್ತೆ, ಅದನ್ನ ಯಾರೂ ಹೇಳಲ್ಲ. ಗೋಡೆ ಸುತ್ತ 8ರಿಂದ 10 ಮಿಮೀ ಜಾಗ ಬಿಟ್ಟು ಸ್ಕರ್ಟಿಂಗಿಂದ ಮುಚ್ಚಿಸಿ, ಅದನ್ನ ಬಿಡದೆ ಗೋಡೆಗೆ ಅಂಟಿಸಿದ್ರೆ ಬೇಸಿಗೇಲಿ ನಡು ಎದ್ದು ಗುಡ್ಡ ಆಗತ್ತೆ. ಬಾಲ್ಕನಿ ಕಡೆ ಮಧ್ಯಾಹ್ನದ ಬಿಸಿಲು ನೇರ ಬೀಳತ್ತೆ ಅಂದ್ರೆ ಪರದೆ ಹಾಕ್ಸಿ. ಬಾತ್‌ರೂಮ್ ಬಾಗಿಲಿಗೆ ಒಂದು ಗ್ರಾನೈಟ್ ಹೊಸ್ತಿಲು, ಅರ್ಧ ಇಂಚು ಎತ್ತರ ಇದ್ರೂ ಸಾಕು.

ಪ್ರಶ್ನೆ: ತೀರ್ಥಹಳ್ಳಿ ತಾಲೂಕು. ಅಜ್ಜನ ಕಾಲದ ದೊಡ್ಡ ಮನೆ, ಮಹಡಿ ನೆಲ ಪೂರ್ತಿ ಮರದ್ದು. ಹೋಮ್‌ಸ್ಟೇ ಮಾಡೋಣ ಅಂತಿದೀವಿ. ನಡೆದ್ರೆ ಕಿರ್ ಅಂತ ಸದ್ದು, ಕೆಲವು ಕಡೆ ಹುಡಿ ಉದುರತ್ತೆ. ಎಂಜಿನಿಯರು ಮರ ಎಲ್ಲಾ ಇಳಿಸಿ ಮಾರಿ, ಆರ್‌ಸಿಸಿ ಹಾಕಿ ಟೈಲ್ಸ್ ಮಾಡ್ಸಿ ಅಂತಿದಾರೆ, ಮರಕ್ಕೆ ಒಳ್ಳೇ ರೇಟ್ ಬರತ್ತಂತೆ.

ಉತ್ತರ: ಮರಕ್ಕೆ ಒಳ್ಳೇ ರೇಟ್ ಬರತ್ತೆ ಅಂತ ಅವರಿಗೆ ಗೊತ್ತು ಅಂದ್ರೆ ಆ ಮರ ಎಂಥದ್ದು ಅಂತ ಅವರಿಗೆ ಗೊತ್ತು. ಮಲೆನಾಡಿನ ಹಳೇ ಮನೆಗಳ ಮಹಡೀಲಿ ಹೊನ್ನೆ, ಮತ್ತಿ, ನಂದಿ, ಹಲಸು, ಕೆಲವು ಕಡೆ ತೇಗ, ಬೀಟೆ, ಆ ಅಗಲದ ಒಂಟಿ ಹಲಗೆ ಇವತ್ತು ಯಾವ ಸಾಮಿಲ್ಲಲ್ಲೂ ಸಿಗಲ್ಲ. ಪೇಟೆಯಿಂದ ಹೋಮ್‌ಸ್ಟೇಗೆ ಬರೋರು ಟೈಲ್ಸ್ ನೋಡೋಕೆ ಘಾಟಿ ಹತ್ತಿ ಬರ್ತಾರಾ? ಬೆಂಗಳೂರಲ್ಲಿ ಜನ ಮರದ ಫೋಟೋ ಅಂಟಿಸಿದ ಹಲಗೆಗೆ ದುಡ್ಡು ಕೊಡ್ತಿದಾರೆ ಅಂತ ಮೇಲಿನ ಪ್ರಶ್ನೇಲಿ ಓದಿದ್ರಲ್ಲ. ಸಾಲದ್ದಕ್ಕೆ ಹಳೇ ಮಣ್ಣಿನ ಗೋಡೆ, ಜಂಬಿಟ್ಟಿಗೆ ಗೋಡೆ ಮರದ ಭಾರಕ್ಕೆ ಅಂತ ಕಟ್ಟಿದ್ದು, ಅದರ ಮೇಲೆ ಕಾಂಕ್ರೀಟ್ ಹೇರಿದ್ರೆ ತಡೆಯತ್ತಾ ಅನ್ನೋದು ಬೇರೆ ಪ್ರಶ್ನೆ, ಅದನ್ನ ಆ ಎಂಜಿನಿಯರನ್ನೇ ಬರೆದುಕೊಡಿ ಅಂತ ಕೇಳಿ.

ಈಗ ಕೆಲಸಕ್ಕೆ ಬರೋಣ. ಮಹಡಿಯಿಂದ ಶುರು ಮಾಡಬೇಡಿ, ಕೆಳಗಿಂದ ಮಾಡಿ. ಹಲಗೆ ಹೊತ್ತಿರೋ ತೊಲೆಗಳು ಗೋಡೆಗೆ ಹೊಕ್ಕೋ ಜಾಗ ನೋಡಿ, ಮಾಡಿನ ಹಂಚು ಒಡೆದು ನೀರಿಳಿದು ಮರ ಕೊಳೆಯೋದು ಅಲ್ಲೇ. ಅಗಲ ಬಾಯಿಯ ಸ್ಕ್ರೂಡ್ರೈವರ್ ತಗೊಂಡು ತೊಲೆ ತುದೀಲಿ ಚುಚ್ಚಿ, ಮೆತ್ತಗೆ ಒಳಗೆ ಹೋದ್ರೆ ಆ ತುದಿ ಹೋಗಿದೆ. ಅಂಥಾ ತೊಲೆ ಪೂರ್ತಿ ತೆಗೀಬೇಕಂತಿಲ್ಲ, ಪಕ್ಕಕ್ಕೆ ಹೊಸ ಮರ ಕೂಡಿಸಿ ಬೋಲ್ಟ್ ಹಾಕ್ತಾರೆ, ಒಳ್ಳೇ ಆಚಾರಿಗೆ ಗೊತ್ತಿರತ್ತೆ. ಹಂಚು ಸರಿ ಮಾಡ್ಸದೆ ನೆಲಕ್ಕೆ ಒಂದು ರೂಪಾಯಿ ಖರ್ಚು ಮಾಡಬೇಡಿ.

ಹುಡಿ ಎಂಥದ್ದು ಅಂತ ನೋಡಿ. ಹಿಟ್ಟಿನ ಹಾಗೆ ನುಣ್ಣಗೆ ಉದುರ್ತಾ ಸಣ್ಣ ಸಣ್ಣ ತೂತು ಇದ್ರೆ ಕುಟ್ಟೆ ಹುಳ, ಅದು ಹೆಚ್ಚಾಗಿ ಎಳೇ ಬಿಳಿ ಮರದಲ್ಲಿ, ಒಳಗಿನ ತಿರುಳಿಗೆ ಹೋಗೋದು ಕಮ್ಮಿ. ಮಣ್ಣಿನ ಗೂಡು, ಮಣ್ಣಿನ ಸುರಂಗ ಗೋಡೆ ಮೇಲೆ ಹತ್ತಿದ್ರೆ ಒರಲೆ, ಅಂದ್ರೆ ಗೆದ್ದಲು, ಅದಕ್ಕೆ ಹಲಗೇಲಿ ಅಲ್ಲ ಬುಡದಲ್ಲಿ ಔಷಧಿ, ಪಂಚಾಂಗದ (ಮನೆ ಅಡಿಪಾಯದ) ಸುತ್ತ ಮಣ್ಣಿಗೆ ತೂತು ಹೊಡೆದು ಹಾಕ್ಸಬೇಕು. ನಮ್ಮ ಹಿರೀಕರು ತೊಲೆಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳೀತಿದ್ರಲ್ಲ, ಅದು ಇವತ್ತಿಗೂ ಕೆಲಸ ಮಾಡತ್ತೆ, ಆದ್ರೆ ಕಾಣದ ಜಾಗಕ್ಕೆ, ತೊಲೆ ಕೆಳಭಾಗಕ್ಕೆ, ಗೋಡೆ ಒಳಗಿನ ತುದಿಗೆ ಮಾತ್ರ. ಗ್ಲೌಸ್ ಹಾಕ್ಕೊಳ್ಳಿ, ಚರ್ಮ ಸುಡತ್ತೆ. ನಡೆಯೋ ನೆಲಕ್ಕೆ ಬೇಡ, ಕಪ್ಪಾಗಿ ಅಂಟಂಟಾಗಿ ಗೆಸ್ಟುಗಳ ಕಾಲು, ಲಗೇಜು ಎಲ್ಲಾ ಹಾಳು.

ಕಿರ್ ಸದ್ದು ಅಂದ್ರೆ ಹಲಗೆಗೂ ತೊಲೆಗೂ ನಡುವೆ ಮೊಳೆ ಸಡಿಲ ಆಗಿದೆ ಅಷ್ಟೇ. ಹಳೇ ಮೊಳೆ ಪಕ್ಕ ಸ್ಕ್ರೂ ಹೊಡೆಸಿ, ಮೊದಲು ಡ್ರಿಲ್ ಹಾಕಿ ತೂತು ಮಾಡಿ ಆಮೇಲೆ ಸ್ಕ್ರೂ, ಹೊನ್ನೆ ಮತ್ತಿಗೆ ಹಾಗೇ ಹೊಡೆದ್ರೆ ಸ್ಕ್ರೂ ತಲೆ ಕಿತ್ತು ಬರತ್ತೆ. ಸ್ವಲ್ಪ ಸದ್ದು ಉಳಿದ್ರೆ ಉಳೀಲಿ ಬಿಡಿ. ಆದ್ರೆ ಗೆಸ್ಟ್ ರೂಮಿನ ಮೇಲೆ ಇನ್ನೊಂದು ಗೆಸ್ಟ್ ರೂಮು ಇಡಬೇಡಿ, ಮೇಲಿನೋರು ರಾತ್ರಿ ಎದ್ದು ಓಡಾಡಿದ್ರೆ ಕೆಳಗಿನೋರಿಗೆ ನಿದ್ದೆ ಇಲ್ಲ. ಕೆಳಗೆ ಊಟದ ಜಗಲಿ, ಮೇಲೆ ರೂಮು, ಹಾಗೆ ಹಂಚಿಕೊಳ್ಳಿ. ಮಹಡೀಲಿ ಅಟ್ಯಾಚ್ಡ್ ಬಾತ್‌ರೂಮ್ ಬೇಕು ಅಂತ ಮರದ ನೆಲದ ಮೇಲೇ ಕಟ್ಟೋಕೆ ಹೋಗಬೇಡಿ, ಹಿಂಬದೀಲಿ ಬೇರೆ ಅಡಿಪಾಯ ಹಾಕಿ ಮೇಲಕ್ಕೆ ತಂದು ಬಾಗಿಲು ಕೂಡಿಸಿ. ಈ ಒಂದು ಖರ್ಚಲ್ಲಿ ಜಿಪುಣತನ ಮಾಡಿದೋರ ಮನೆಗಳ ಮಹಡಿ ಹೇಗಾಗಿದೆ ಅಂತ ನಿಮ್ಮ ಸುತ್ತಮುತ್ತಾನೇ ಸಿಗತ್ತೆ, ನೋಡ್ಕೊಂಡು ಬನ್ನಿ.

ಮಿಶಿನ್ ಸ್ಯಾಂಡಿಂಗ್ ಬೇಡ. ಕೈ ಉಜ್ಜಿ ಉಜ್ಜಿ, ಕಾಲು ಸವೆದು ಬಂದ ಆ ಮೇಲ್ಮೈ ಒಂದ್ಸಲ ಹೋದ್ರೆ ಹೊಸ ಮರದ ಥರ ಬೋಳಾಗತ್ತೆ. ಕೊಳೆ ಒರೆಸಿ, ಚೆನ್ನಾಗಿ ಒಣಗಿದ ಮೇಲೆ, ಫೆಬ್ರವರಿ ಮಾರ್ಚಲ್ಲಿ, ಮರಕ್ಕೆ ಇಳಿಯೋ ಎಣ್ಣೆ ಫಿನಿಶ್ ತೆಳ್ಳಗೆ ಎರಡು ಸಲ. ಮಳೆಗಾಲದಲ್ಲಿ ಈ ಕೆಲಸ ಮುಟ್ಟಲೇಬೇಡಿ. ದಪ್ಪ ಪಾಲಿಯುರಿಥೇನ್ ಹಾಕಿದ್ರೆ ನಿಮ್ಮ ಕಡೆಯ ಜುಲೈ ತೇವಕ್ಕೆ ಹಲಗೆ ಉಬ್ಬಿದಾಗ ಅದು ಸಂದಿಯಲ್ಲಿ ಸಿಪ್ಪೆ ಏಳತ್ತೆ, ಎಣ್ಣೆ ಆದ್ರೆ ಸವೆದ ಕಡೆ ಮಾತ್ರ ಮತ್ತೆ ಹಚ್ಚಬಹುದು.

ಅಷ್ಟಾಗಿಯೂ ಮರ ಮಾರ್ತೀವಿ ಅಂದ್ರೆ, ಬೀಟೆ ತೇಗ ಇದ್ರೆ ಸಾಗಿಸೋಕೆ ಮುಂಚೆ ಅರಣ್ಯ ಇಲಾಖೇಲಿ ಪರವಾನಗಿ ವಿಚಾರಿಸಿಕೊಳ್ಳಿ. ವ್ಯಾಪಾರಿ ನಾನೆಲ್ಲಾ ನೋಡ್ಕೋತೀನಿ ಅಂತಾನೆ, ಚೆಕ್‌ಪೋಸ್ಟಲ್ಲಿ ಹೆಸರು ಬರೋದು ನಿಮ್ಮದು.

ಪ್ರಶ್ನೆ: ಮೈಸೂರಲ್ಲಿ ಅಪ್ಪನ ಹಳೇ ಮನೆ ಮಾರ್ತಿದೀವಿ, ಕೆಂಪು ರೆಡ್ ಆಕ್ಸೈಡ್ ನೆಲ. ಮೇಲೆ ಲ್ಯಾಮಿನೇಟ್ ಹಾಕಿದ್ರೆ ಮಾಡರ್ನ್ ಆಗಿ ಕಾಣತ್ತೆ, ರೇಟ್ ಜಾಸ್ತಿ ಸಿಗತ್ತೆ ಅಂತ ಒಬ್ಬರು ಹೇಳಿದ್ರು.

ಉತ್ತರ: ಹಳೇ ಮನೆಗಳ ನೆಲದಡಿ ಪ್ಲಾಸ್ಟಿಕ್ ಶೀಟ್ ಹಾಕೋ ಪದ್ಧತಿ ಇರ್ಲಿಲ್ಲ, ಮಣ್ಣಿನ ಥಂಡಿ ಮೇಲಕ್ಕೆ ಬಂದು ಗಾಳಿಗೆ ಆರಿ ಹೋಗ್ತಿತ್ತು. ಅದನ್ನ ಫೋಮ್ ಶೀಟು, ಲ್ಯಾಮಿನೇಟಿಂದ ಮುಚ್ಚಿದ್ರೆ ಕೆಳಗೆ ತೇವ ನಿಲ್ಲತ್ತೆ, ಹಲಗೆ ಉಬ್ಬತ್ತೆ, ಗೆದ್ದಲಿಗೆ ಕತ್ತಲೆ, ತೇವ, ಊಟ ಮೂರೂ ಒಂದೇ ಕಡೆ ಸಿಕ್ಕಂಗಾಗತ್ತೆ. ಅನುಮಾನ ಇದ್ರೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ನೆಲಕ್ಕೆ ನಾಲ್ಕೂ ಕಡೆ ಟೇಪ್ ಹಾಕಿ ಒಂದು ದಿನ ಬಿಡಿ, ಎತ್ತಿದಾಗ ಅಡಿಯಲ್ಲಿ ಬೆವರಿದ್ರೆ ಉತ್ತರ ಸಿಕ್ತು.

ಇನ್ನು ರೇಟು. ಹಳೇ ಮನೆ ಕೊಳ್ಳೋರಲ್ಲಿ ಎರಡು ಥರ. ಒಡೆದು ಕಟ್ಟೋಕೆ ಸೈಟ್ ಅಂತ ತಗೊಳ್ಳೋರು, ಅವರು ನಿಮ್ಮ ನೆಲ ನೋಡೋದೇ ಇಲ್ಲ. ಹಳೇ ಮನೆ ಅಂತಲೇ ಇಷ್ಟಪಟ್ಟು ಬರೋರು, ಅವರು ಬರೋದೇ ಆ ಕೆಂಪು ನೆಲಕ್ಕೆ. ಇಬ್ಬರಿಗೂ ಲ್ಯಾಮಿನೇಟ್ ಬೇಡ. ಸೋಪಿನ ನೀರಲ್ಲಿ ತೊಳೆಸಿ, ಒಣಗಿದ ಮೇಲೆ ನೆಲದ ಮೇಣ ಹಾಕಿ ಮಿಶಿನ್ನಲ್ಲಿ ಉಜ್ಜಿಸಿ, ಬಿರುಕಿಗೆ ತೇಪೆ ಹಾಕ್ಸೋಕೆ ಹೋಗಬೇಡಿ, ತೇಪೆ ಬಣ್ಣ ಯಾವತ್ತೂ ಹೊಂದಲ್ಲ. ಉಳಿದ ದುಡ್ಡಲ್ಲಿ ಖಾತೆ, ಟ್ಯಾಕ್ಸ್ ರಶೀದಿ ಸರಿ ಮಾಡ್ಸಿಕೊಳ್ಳಿ, ರೇಟ್ ನಿಲ್ಲೋದು ಅಲ್ಲಿ.

ಪ್ರಶ್ನೆ: ನ್ಯೂಯಾರ್ಕಲ್ಲಿ ಬಾಡಿಗೆಗಿದೀವಿ. ಅಗ್ರಿಮೆಂಟಲ್ಲಿ ಮರದ ನೆಲದ 80 ಪರ್ಸೆಂಟ್ ಕಾರ್ಪೆಟ್ ಮುಚ್ಚಿರಬೇಕು ಅಂತಿದೆ, ಇದು ಕಾನೂನಾ?

ಉತ್ತರ: ಕಾನೂನಲ್ಲ, ಅಗ್ರಿಮೆಂಟಿನ ಷರತ್ತು, ಅಲ್ಲಿ ಬಹಳ ಕಡೆ ಇದೆ. ಸಹಿ ಹಾಕಿದ ಮೇಲೆ ಪಾಲಿಸಬೇಕು. ಕೆಳಗಿನ ಮನೆಯೋರಿಗೆ ಹೆಜ್ಜೆ ಸದ್ದು ಕೇಳಬಾರದು ಅಂತ ಇರೋದು, ದೊಡ್ಡ ರಗ್ಗು ಎರಡು, ಅಡಿಯಲ್ಲಿ ದಪ್ಪ ಪ್ಯಾಡು ಹಾಕಿ ಮುಗಿಸಿ. ಪ್ಯಾಡ್ ರಬ್ಬರಿಂದು ಅಗ್ಗದ್ದು ತಗೋಬೇಡಿ, ಕೆಲವು ಪಾಲಿಶಿಗೆ ಅಂಟಿ ಕಲೆ ಬಿಡತ್ತೆ, ಆಮೇಲೆ ಅದಕ್ಕೂ ಡೆಪಾಸಿಟ್ ಮುರೀತಾರೆ. ಫೆಲ್ಟ್ ಇರ್ಲಿ. ಕುರ್ಚಿ ಕಾಲಿಗೂ ಫೆಲ್ಟ್. ಒಳಗೆ ಬಂದ ದಿನಾನೇ ನೆಲದ ಫೋಟೋ ತೆಗೆದು ಓನರಿಗೆ ಈಮೇಲ್ ಮಾಡಿಟ್ಕೊಳ್ಳಿ.

ಪ್ರಶ್ನೆ: ಮರದ ನೆಲಕ್ಕೆ ಸ್ಟೀಮ್ ಮಾಪ್ ಹಾಕಬಹುದಾ? ಅತ್ತೆ ಊರಿಂದ ಬರ್ತಿದಾರೆ, ಒದ್ದೆ ಬಟ್ಟೆ ಇಲ್ಲದೆ ಅವರಿಗೆ ಸಮಾಧಾನ ಇಲ್ಲ.

ಉತ್ತರ: ಸ್ಟೀಮ್ ಬೇಡ, ವಿನೆಗರೂ ಬೇಡ, ಎರಡೂ ಪಾಲಿಶ್ ಕೆಡಿಸತ್ತೆ. ಮೈಕ್ರೋಫೈಬರ್ ಮಾಪ್ ಬರೀ ಪಸೆ ಇರೋ ಹಾಗೆ ಹಿಂಡಿ, ಒರೆಸಿದ ಎರಡು ನಿಮಿಷದಲ್ಲಿ ನೆಲ ಆರಬೇಕು. ಅತ್ತೆಗೆ ಅಡುಗೆ ಮನೆ ಟೈಲ್ಸು, ಬಾಲ್ಕನಿ ಬಿಟ್ಟುಕೊಡಿ.